ಅರೇಯ ಎಲ್ಲೆ ಕಾಯ್ದವರು

ಹತ್ತು ಮನೆಗಳ ಅರೇಯಲ್ಲಿ ಹನ್ನೊಂದನೆಯ ಮನೆಯನ್ನು ಕೇಳಿದರೆ ಗಣಕ ಏನು ಮಾಡಬೇಕು? 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಎಲಿಯಟ್ ಗಣಕಕ್ಕೆ ಆಲ್ಗಾಲ್ 60 ಕಂಪೈಲರ್ ರೂಪಿಸಿದ ಟೋನಿ ಹೋರ್, ಪ್ರತಿ ಸಲವೂ ಮನೆಯ ಕ್ರಮಸಂಖ್ಯೆ ಎಲ್ಲೆಯೊಳಗಿದೆಯೇ ಎಂದು ಪರೀಕ್ಷಿಸುವ ಏರ್ಪಾಡು ಮಾಡಿದರು. ವೇಗಕ್ಕಾಗಿ ಅದನ್ನು ಕೈಬಿಡುವ ಅವಕಾಶ ಬೇಕೇ ಎಂದು ಮುಂದೆ ಕೇಳಿದಾಗ, ಬಳಕೆದಾರರೆಲ್ಲ ಬೇಡವೆಂದರು! ಅಂಥ ತಪ್ಪು ಎಷ್ಟು ಸಾಮಾನ್ಯವೆಂಬುದು ಅವರಿಗೆ ಗೊತ್ತಿತ್ತು.

1970ರ ದಶಕದ ಸಿ ಭಾಷೆಯಲ್ಲಿ ಈ ಕಾವಲು ಇರಲಿಲ್ಲ. 1988ರ ನವೆಂಬರ್ 2ರಂದು ಹರಡಿದ ಮಾರಿಸ್ ವರ್ಮ್ ಗಣಕಗಳಿಗೆ ನುಗ್ಗಿದ ದಾರಿಗಳಲ್ಲೊಂದು, 512 ಬೈಟ್‌ಗಳ ಜಾಗಕ್ಕೆ ಅದಕ್ಕಿಂತ ಹೆಚ್ಚು ತುಂಬುವುದೇ ಆಗಿತ್ತು.

ಮೆಮೊರಿಯ ಮೇಲ್ವಿಚಾರಣೆಯನ್ನು ತಾವೇ ವಹಿಸಿಕೊಂಡ ಜಾವಾ (1995), ಅನಂತರದ ಸಿ ಶಾರ್ಪ್ ವ್ಯವಸ್ಥೆಗಳಲ್ಲಿ ಕಾವಲು ಕಡ್ಡಾಯವಾಯಿತು. 2018ರಲ್ಲಿ ಡಾಟ್‌ನೆಟ್ ಕೋರ್ 2.1ರೊಡನೆ ಬಂದ 'ಸ್ಪ್ಯಾನ್', ಸಾಲಾಗಿರುವ ಮೆಮೊರಿ ತುಂಡಿನ ಆರಂಭದೊಂದಿಗೆ ಉದ್ದವನ್ನೂ ಇಟ್ಟುಕೊಳ್ಳುತ್ತದೆ. ಲೂಪ್ ಆ ಉದ್ದವನ್ನು ಮೀರದೆಂದು ಖಚಿತವಾದರೆ, ಪ್ರತಿ ಹೆಜ್ಜೆಯ ಪರೀಕ್ಷೆಯನ್ನು ಕಂಪೈಲರೇ ತೆಗೆಯಬಲ್ಲದು. ಆಗ ಸುರಕ್ಷತೆಯೂ ಉಂಟು, ವೇಗವೂ ಉಂಟು.

ಅಮ್ಮೀಟರಿನ ಮುಳ್ಳು ಅಳತೆಪಟ್ಟಿಯನ್ನು ದಾಟಿದರೆ ನೀವು ಆ ಅಳತೆಯನ್ನು ಬರೆದುಕೊಳ್ಳುವುದಿಲ್ಲ ತಾನೆ? ಇಲ್ಲಿಯೂ ಅಷ್ಟೆ. ತಪ್ಪು ಉತ್ತರ ಕೊಡುವ ಪ್ರೋಗ್ರಾಂಗಿಂತ ತಪ್ಪು ತೋರಿಸಿ ನಿಲ್ಲುವ ಪ್ರೋಗ್ರಾಂ ಮೇಲು.