ಲೋಹಶೋಧಕ ಮತ್ತು ಕೋಲಾರದ ಚಿನ್ನ

ಕೋಲಾರ ಜಿಲ್ಲೆಯ ನೆಲದ ಚಿನ್ನವನ್ನು ಲೋಹಶೋಧಕದಿಂದ ಹುಡುಕುವುದು ಬಹುಮಟ್ಟಿಗೆ ವ್ಯರ್ಥ. ಯಂತ್ರ ಮಿಡಿಯಲು ತಕ್ಕಷ್ಟು ಗಾತ್ರದ ತುಣುಕು ಬೇಕು. ಇಲ್ಲಿನ ಚಿನ್ನವೋ ಬೆಣಚುಕಲ್ಲಿನ ಪದರಗಳಲ್ಲಿ ಹೆಚ್ಚಾಗಿ ಸೂಕ್ಷ್ಮ ಕಣಗಳಾಗಿ ಹರಡಿದೆ. ಕಡಲತೀರದಲ್ಲಿ ಕಳೆದುಹೋದ ಉಂಗುರದ ಮಾತು ಬೇರೆ: ಅದು ಯಂತ್ರಕ್ಕೆ ಸಿಗುವಷ್ಟು ದೊಡ್ಡದು. ಆದರೆ ಅಲ್ಲಿ ಉಪ್ಪುನೀರೇ ವಿದ್ಯುತ್ ಹರಿಸಿ ಹುಸಿ ಸದ್ದೆಬ್ಬಿಸುವುದರಿಂದ ಪಲ್ಸ್ ಇಂಡಕ್ಷನ್ ಅಥವಾ ಬಹು ಆವರ್ತನದ ಯಂತ್ರವನ್ನೇ ಆರಿಸಬೇಕು.

1802ರಲ್ಲಿ ಕೋಲಾರದ ಮಾರಿಕುಪ್ಪಂ ಸುತ್ತ ಬ್ರಿಟಿಷ್ ಸೇನಾಧಿಕಾರಿ ಜಾನ್ ವಾರನ್ ಕಂಡದ್ದು ಹಳ್ಳಿಗರ ವಿಧಾನ: ಮಣ್ಣು ತೊಳೆದು ಕಣ ಹೆಕ್ಕುವುದು. 3 ಕಿ.ಮೀ.ಗೂ ಹೆಚ್ಚು ಆಳಕ್ಕಿಳಿದ ಕೋಲಾರ ಗೋಲ್ಡ್ ಫೀಲ್ಡ್ಸ್ (ಕೆಜಿಎಫ್) ಗಣಿಗಳ ಕಥೆಯಲ್ಲಿ ಆ ಅನಾಮಿಕರ ನುರಿತ ಕಣ್ಣಿಗೆ ಮೊದಲ ಗೌರವ ಸಲ್ಲಬೇಕು. ಗಣಿಯಲ್ಲಿ ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುತ್ತಿದ್ದರು. ಉಳಿದ ಪುಡಿಯೇ ಊರಿನ ಸೈನೈಡ್ ಗುಡ್ಡಗಳು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು. ಗುಡ್ಡಗಳಲ್ಲಿ ಅಲ್ಪ ಚಿನ್ನ ಉಳಿದಿದ್ದರೂ ಅದನ್ನು ತೆಗೆಯಲು ರಾಸಾಯನಿಕ ಸಂಸ್ಕರಣೆಯೇ ಬೇಕು.