ಛತ್ರದಿಂದ ಬಾಡಿಗೆಯ ಕೋಣೆಗೆ

ಪರಸ್ಥಳಕ್ಕೆ ಹೋದ ಮನುಷ್ಯನಿಗೆ ಹಗಲಿನಲ್ಲಿ ತೋರದ ಚಿಂತೆಯೊಂದು ದೀಪ ಹಚ್ಚುವ ಹೊತ್ತಿಗೆ ತೋರುತ್ತದೆ: ಈ ರಾತ್ರಿ ಮಲಗುವುದೆಲ್ಲಿ? ಹಣವುಳ್ಳವನಿಗೆ ಇದು ಚಿಂತೆಯೇ ಅಲ್ಲ; ನೆಂಟರಿಷ್ಟರುಳ್ಳವನಿಗೂ ಅಲ್ಲ. ಎರಡೂ ಇಲ್ಲದವನಿಗೆ ನಗರವು ಯಾವ ಬಾಗಿಲನ್ನು ತೆರೆಯಿತು, ಯಾವ ಕಟ್ಟಳೆಯ ಮೇಲೆ ತೆರೆಯಿತು ಎಂಬುದು ಆ ನಗರದ ಚರಿತ್ರೆಯ ಒಂದು ಮುಖ್ಯ ಭಾಗವಾಗಿದೆ. ಅರಮನೆ ಕೋಟೆಗಳ ಹೆಬ್ಬಾಗಿಲುಗಳನ್ನು ಕುರಿತು ಬರೆದಷ್ಟು ಈ ಸಣ್ಣ ಬಾಗಿಲುಗಳನ್ನು ಕುರಿತು ಯಾರೂ ಬರೆದಿಲ್ಲ.

ಕುಂದಾಪುರದ ನೆರೆಯ ತಲ್ಲೂರಿನಂತಹ ಗ್ರಾಮಗಳವರಿಗೆ ಈ ಚಿಂತೆಯು ಬಹುಕಾಲದಿಂದ ಪರಿಚಿತವಾದುದು. ಒಂದೆಡೆ ಘಟ್ಟ, ಇನ್ನೊಂದೆಡೆ ಕಡಲು. ನಡುವೆ ನದಿಗಳು ಸೀಳಿದ ಕಿರಿದಾದ ನೆಲ. ಗದ್ದೆಯ ಹುಟ್ಟುವಳಿಯು ತುಂಬಿದ ಮನೆಗೆ ಸಾಲದೆ ಹೋದಾಗ ಹುಡುಗರು ಪರವೂರಿನ ದಾರಿ ಹಿಡಿದರು. 1956ರ ನವೆಂಬರ್ 1ರವರೆಗೆ ಕುಂದಾಪುರವು ಮದರಾಸಿನ ಆಡಳಿತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದಿತು. ಆದುದರಿಂದ ಉಚ್ಚ ನ್ಯಾಯಾಲಯದ ವ್ಯಾಜ್ಯಕ್ಕೆ ಮದರಾಸಿಗೆ ಹೋಗಬೇಕಾಗಿದ್ದಿತು. ಸಂಪಾದನೆಗೆ ಮುಂಬಯಿ, ಹೋಟೆಲಿನ ಉದ್ಯೋಗಕ್ಕೆ ಬೆಂಗಳೂರು. ಘಟ್ಟವೇರಿ ಶಿವಮೊಗ್ಗೆಯನ್ನು ಸೇರಿದವನಿಗೆ 1899ರಿಂದಲೂ, ಮಂಗಳೂರಿಗೆ ಹೋದವನಿಗೆ 1907ರಿಂದಲೂ ಉಗಿಬಂಡಿಯು ದೊರೆಯುತ್ತಿದ್ದಿತು. ಬಂಡಿಯು ಅವನನ್ನು ನಗರಕ್ಕೆ ಮುಟ್ಟಿಸುತ್ತಿದ್ದಿತೇ ಹೊರತು, ಅಲ್ಲಿನ ರಾತ್ರಿಯ ಹೊಣೆಯನ್ನು ಹೊರುತ್ತಿರಲಿಲ್ಲ.

ಆ ಹೊಣೆಯನ್ನು ಮೊದಲು ಹೊತ್ತದ್ದು ಛತ್ರ. ಬೆಂಗಳೂರಿನಲ್ಲಿ ವರ್ತಕರಾದ ಗುಬ್ಬಿ ತೋಟದಪ್ಪನವರು ತಮ್ಮ ಸಂಪಾದನೆಯನ್ನು ಧರ್ಮಕ್ಕೆ ವಿನಿಯೋಗಿಸಿ ಸಿಟಿ ರೈಲ್ವೆ ನಿಲ್ದಾಣದ ಸಮೀಪದಲ್ಲಿಯೇ ಛತ್ರವನ್ನು ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ತೆರೆದರು. ಬಂಡಿಯಿಳಿದು ಗಂಟುಮೂಟೆಯೊಡನೆ ನಿಂತವನಿಗೆ ಕಣ್ಣೆದುರಿಗೇ ಒಂದು ಸೂರು ದೊರೆತದ್ದು ಸಾಮಾನ್ಯ ಉಪಕಾರವಲ್ಲ. ಆದರೆ ನಾಡಿನಲ್ಲಿದ್ದ ಛತ್ರಗಳೆಲ್ಲ ಒಂದೇ ಬಗೆಯವಲ್ಲ. ಎಷ್ಟೋ ಛತ್ರಗಳು ಒಂದೊಂದು ಜಾತಿಗೆ ಮೀಸಲಾಗಿದ್ದವು. ಎಷ್ಟೋ ಕಡೆ ಪಂಕ್ತಿಯು ಬೇರೆ, ಬಾವಿಯು ಬೇರೆ. ದಾನವನ್ನು ಸ್ವೀಕರಿಸುವವನು ದಾನಿಯ ನಿಯಮವನ್ನೂ ಸ್ವೀಕರಿಸಲೇಬೇಕು. ಅಲ್ಲಿ ತಂಗುವುದು ದಯೆಯ ಫಲವಾಗಿದ್ದಿತು, ಹಕ್ಕಿನ ಫಲವಾಗಿರಲಿಲ್ಲ.

ಎರಡನೆಯ ಉತ್ತರವನ್ನು ಕೊಟ್ಟವರಲ್ಲಿ ಕರಾವಳಿಯವರೇ ಮುಂದಾಳುಗಳು. ಕೋಟದ ಕಡೆಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಅದರ ಮೊದಲ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ಬು. ಅಡಿಗೆಯ ಮನೆಯ ಕೆಲಸದಿಂದ ಮೇಲೆ ಬಂದ ಉಡುಪಿಯ ಕಡೆಯ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಎಂಬ ಊಟ ವಸತಿಗಳ ಗೃಹವನ್ನು ತೆರೆದರು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು 1942ರಲ್ಲಿ ಆರಂಭವಾಯಿತು. ಊಟಕ್ಕೆ ಬಂದವನು ಮಲಗಲು ಜಾಗ ಕೇಳುವುದು ಸಹಜ. ಹೀಗೆ ಪೇಟೆಯ ಗದ್ದಲದ ನಡುವೆ, ಕೆಳಗೆ ಭೋಜನಶಾಲೆಯೂ ಮೇಲೆ ಕೋಣೆಗಳೂ ಇರುವ ಸಾಧಾರಣ ಹೋಟೆಲುಗಳು ಊರೂರಿನಲ್ಲಿಯೂ ಎದ್ದವು.

ಬೆಂಗಳೂರಿನಲ್ಲಿ ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆ ಮತ್ತು ಮೆಜೆಸ್ಟಿಕ್ಕು ಇಂತಹ ಗೃಹಗಳಿಗೆ ತವರಾದವು. ಮೆಜೆಸ್ಟಿಕ್ಕಿಗೆ ಹೆಸರು ಕೊಟ್ಟ ಚಿತ್ರಮಂದಿರವು ಇಂದಿಲ್ಲ. ಹೆಸರು ಮಾತ್ರ ಉಳಿದಿದೆ. ಅಲ್ಲಿನ ಕಡಿಮೆ ಬಾಡಿಗೆಯ ಕೋಣೆಯಲ್ಲಿ ಆಡಂಬರವೆಂಬುದಿಲ್ಲ. ಒಂದು ಮಂಚ, ತೆಳು ಹಾಸಿಗೆ, ನೀರಿನ ಹೂಜಿ, ಗೋಡೆಯ ಮೇಲೊಂದು ಗೂಟ. ಬಚ್ಚಲು ಹಲವರಿಗೆ ಒಂದೇ. ಕಿಟಕಿಯನ್ನು ಮುಚ್ಚಿದರೆ ಸೆಕೆ, ತೆರೆದರೆ ಬೀದಿಯ ಕೂಗು. ಆದರೂ ಬಾಡಿಗೆಯನ್ನು ತೆತ್ತವನು ಚಿಲಕವನ್ನು ಹಾಕಿಕೊಳ್ಳಬಲ್ಲನು. ಆ ಒಂದು ರಾತ್ರಿಯ ಮಟ್ಟಿಗೆ ಆ ನಾಲ್ಕು ಗೋಡೆಗಳು ಅವನವು. ಅವನಿಗೆ ಹಾಸಿಗೆ ಹಾಸಿಕೊಟ್ಟ ಮಾಣಿಯೂ ಕರಾವಳಿಯ ಯಾವುದೋ ಗ್ರಾಮದ ಹುಡುಗನೇ. ಗಿರಾಕಿಗಳೆಲ್ಲ ಮಲಗಿದ ಮೇಲೆ, ಭೋಜನಶಾಲೆಯನ್ನು ತೊಳೆದು, ಅಲ್ಲಿಯೇ ಚಾಪೆ ಬಿಚ್ಚಿ ಅವನು ಮಲಗುತ್ತಿದ್ದನು. ನಗರಕ್ಕೆ ಕೋಣೆಗಳನ್ನು ಒದಗಿಸಿದ ಉದ್ಯಮದಲ್ಲಿ ದುಡಿದ ಎಷ್ಟೋ ಮಂದಿಗೆ ಸ್ವಂತ ಕೋಣೆಯಿರಲಿಲ್ಲ.

ಹಣವು ಎಲ್ಲರಿಗೂ ಒಂದೇ ಆದುದರಿಂದ ಬಾಡಿಗೆಯ ಕೋಣೆಯೂ ಎಲ್ಲರಿಗೂ ದೊರೆಯಿತೆಂದು ಭಾವಿಸುವುದು ತಪ್ಪಾದೀತು. ವಿದೇಶದ ವಿದ್ಯಾಭ್ಯಾಸದಿಂದ ಮರಳಿದ ಡಾಕ್ಟರ್ ಬಿ. ಆರ್. ಅಂಬೇಡ್ಕರರು 1917ರಲ್ಲಿ ಬರೋಡ ಸಂಸ್ಥಾನದ ಸೇವೆಗೆ ಹೋದಾಗ ಹಿಂದೂ ಹೋಟೆಲುಗಳು ತಮ್ಮನ್ನು ಸೇರಿಸಲಾರವೆಂಬುದನ್ನು ಅರಿತಿದ್ದರು. ಅವರು ಪಾರಸಿಗಳ ತಂಗುಮನೆಯೊಂದರಲ್ಲಿ, ದಿನಕ್ಕೆ ಒಂದೂವರೆ ರೂಪಾಯಿಯಂತೆ, ದಾಖಲೆಯಲ್ಲಿ ಪಾರಸಿ ಹೆಸರನ್ನು ಬರೆಯಿಸಿ ಉಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪೊಂದು ಬಂದು, ಅವರು ಅದೇ ದಿನ ಆ ಸ್ಥಳವನ್ನು ಬಿಡಬೇಕೆಂದು ಬೆದರಿಸಿತು. ಬಾಡಿಗೆ ಸಂದಿದ್ದಿತು, ವಿದ್ಯೆಯಿದ್ದಿತು, ಉದ್ಯೋಗವೂ ಇದ್ದಿತು. ತಡೆದು ನಿಲ್ಲಿಸಿದ್ದು ಹೆಸರೊಂದೇ. ಕರಾವಳಿಯ ಹುಡುಗರೆಲ್ಲರ ಪಾಲಿಗೂ ಹೋಟೆಲಿನ ಬಾಗಿಲು ಒಂದೇ ಅಗಲವಾಗಿರಲಿಲ್ಲವೆಂಬುದಕ್ಕೆ ಕಾಫಿ ಕ್ಲಬ್ಬುಗಳ ಹಲಗೆಯ ಮೇಲಿನ ಜಾತಿಯ ಹೆಸರೇ ಸಾಕ್ಷಿ.

ಈ ಕಟ್ಟಳೆಯನ್ನು ಮುರಿದದ್ದು ವ್ಯಾಪಾರವಲ್ಲ, ಕಾನೂನು. 1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನದ 15ನೆಯ ವಿಧಿಯು ಅಂಗಡಿ, ಸಾರ್ವಜನಿಕ ಭೋಜನಗೃಹ, ಹೋಟೆಲುಗಳಿಗೆ ಪ್ರವೇಶಿಸುವುದರಲ್ಲಿ ಜಾತಿ, ಮತ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ಪ್ರಜೆಗೂ ಅಡ್ಡಿಯುಂಟಾಗಕೂಡದೆಂದು ವಿಧಿಸಿತು; 17ನೆಯ ವಿಧಿಯು ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿತು. ಇಂತಹ ತಡೆಯನ್ನು ಶಿಕ್ಷಾರ್ಹವನ್ನಾಗಿ ಮಾಡಿದುದು 1955ರ ಅಧಿನಿಯಮ. ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದವರು, ಬರೋಡದಲ್ಲಿ ಕೋಣೆಯನ್ನು ಕಳೆದುಕೊಂಡ ಆ ಅಂಬೇಡ್ಕರರೇ. ರಾಜ್ಯದ ಮೂಲಶಾಸನದಲ್ಲಿ ಹೋಟೆಲಿನ ಬಾಗಿಲಿನ ಮಾತು ಬಂದುದು ಕೆಲವರಿಗೆ ಅಲ್ಪವಿಷಯವಾಗಿ ಕಾಣಬಹುದು. ಬಾಗಿಲಿನ ಹೊರಗೆ ನಿಂತವರಿಗೆ ಅದು ಎಂದಿಗೂ ಅಲ್ಪವಾಗಿರಲಿಲ್ಲ.

ಛತ್ರವು ದಯೆಯಿಂದ ಸೂರನ್ನು ಕೊಟ್ಟಿತು. ಹೋಟೆಲು ಅದಕ್ಕೊಂದು ಕಿರಿದಾದ ಬೆಲೆಯನ್ನು ಕಟ್ಟಿತು. ಕಾನೂನು ಅದನ್ನು ಹಕ್ಕನ್ನಾಗಿ ಮಾಡಿತು. ಮೂರರಲ್ಲಿ ಯಾವುದನ್ನೂ ಹಗುರವಾಗಿ ಎಣಿಸಲಾಗದು. ಸುಮಾರು 400 ಕಿಲೋಮೀಟರು ದೂರದ ಬೆಂಗಳೂರಿಗೆ ಕುಂದಾಪುರದ ಕಡೆಯಿಂದ ರಾತ್ರಿಯ ಬಸ್ಸುಗಳು ಇಂದಿಗೂ ಹೋಗುತ್ತಿವೆ. ಚಿಕಿತ್ಸೆಗಾಗಿಯೋ ಪರೀಕ್ಷೆಗಾಗಿಯೋ ಕೆಲಸಕ್ಕಾಗಿಯೋ ಬಂದಿಳಿದವನು ಒಂದು ಸಾಧಾರಣ ಲಾಡ್ಜಿನ ಮೆಟ್ಟಲೇರಿ, ತನ್ನ ನಿಜವಾದ ಹೆಸರನ್ನೇ ಅಂಜಿಕೆಯಿಲ್ಲದೆ ಬರೆದು, ಬೀಗದ ಕೈಯನ್ನು ಪಡೆಯುವಂತಾಗುವುದೇ ಈ ಚರಿತ್ರೆಯ ಸಾರ್ಥಕತೆ. ಹೆಸರನ್ನು ಕೇಳಿ ಬಾಗಿಲನ್ನು ಮುಚ್ಚುವವನು ಎಲ್ಲಿಯಾದರೂ ಒಬ್ಬನುಳಿದಿದ್ದರೆ, ಅಷ್ಟರ ಮಟ್ಟಿಗೆ ಆ ಕೆಲಸವು ಇನ್ನೂ ಬಾಕಿಯಿದೆ.