ಪ್ರವಾಸಿಗರನ್ನ ನಂಬಿದ ಸಣ್ಣ ಅಂಗಡಿಗೆ ಸರ್ಕಾರದ ಸಬ್ಸಿಡಿ: ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಯಾರಿಗೆ ಏನು ಸಿಗತ್ತೆ?

ಪ್ರವಾಸೋದ್ಯಮ ಅಂದ್ರೆ ದೊಡ್ಡ ಹೋಟೆಲ್, ರೆಸಾರ್ಟ್ ಮಾತ್ರ ಅಂತ ನಮ್ಮ ಕಡೆ ಬಹಳ ಜನ ತಿಳ್ಕೊಂಡಿದ್ದಾರೆ. ಆದರೆ ಸೆಪ್ಟೆಂಬರ್ 8ರ ಸೇಂಟ್ ಮೇರಿ ಬೆಸಿಲಿಕಾ ಹಬ್ಬಕ್ಕೆ ಬರುವವರಿಗೆ ಮೇಣದಬತ್ತಿ ಮಾರುವವರು, ರಸೆಲ್ ಮಾರ್ಕೆಟ್ ಸುತ್ತ ಚಹಾ-ಸಮೋಸ ಅಂಗಡಿ ಇಟ್ಟವರು, ಹಲಸೂರು ಸೋಮೇಶ್ವರ ದೇವಸ್ಥಾನದ ಬಳಿ ಹೂವು ಮಾರುವವರು, ಇಂದಿರಾನಗರದಲ್ಲಿ ಮನೆಯ ಎರಡು ರೂಮು ಬಾಡಿಗೆಗೆ ಕೊಡುವವರು, ಕೆ.ಆರ್. ಪುರದ ಕ್ಯಾಬ್ ಚಾಲಕರು ಎಲ್ಲರೂ ಹೊರಗಿನಿಂದ ಬರುವ ಜನರನ್ನೇ ನಂಬಿ ಬದುಕುವವರು. ಇವರಿಗೆ ಸಿಗುವ ನೆರವು ಪ್ರವಾಸೋದ್ಯಮ ಇಲಾಖೆಯಲ್ಲಿ ಮಾತ್ರ ಇಲ್ಲ, ಬೇರೆ ಬೇರೆ ಇಲಾಖೆ, ನಿಗಮಗಳಲ್ಲಿ ಹಂಚಿಹೋಗಿದೆ.

ಮೊದಲೇ ಒಂದು ಮಾತು. ಇವುಗಳಲ್ಲಿ ಹೆಚ್ಚಿನವು ಕೈಗೆ ಕೊಡುವ ದುಡ್ಡಲ್ಲ. ಬ್ಯಾಂಕ್ ಸಾಲ ಮಂಜೂರಾದರೆ ಮಾತ್ರ ಅದರ ಜೊತೆ ಸಬ್ಸಿಡಿ ಬರತ್ತೆ. ಅದಕ್ಕೇ ಅರ್ಜಿ ಮೊದಲು, ಖರ್ಚು ಆಮೇಲೆ.

ಹೊಸ ಅಂಗಡಿ ತೆರೆಯುವವರಿಗೆ: ಪಿಎಂಇಜಿಪಿ

ಇದು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ನಮ್ಮ ಕಡೆಯವರು ಬೆಂಗಳೂರು ನಗರ ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಹೋಗಬಹುದು, ಅರ್ಜಿ ಆನ್‌ಲೈನ್. ಸೇವಾ ವಲಯಕ್ಕೆ (ಹೋಟೆಲ್, ಟ್ರಾವೆಲ್ಸ್ ಇತ್ಯಾದಿ) ಯೋಜನಾ ವೆಚ್ಚ 20 ಲಕ್ಷ ರೂ., ತಯಾರಿಕೆಗೆ 50 ಲಕ್ಷ ರೂ.ವರೆಗೆ ಇರಬಹುದು.

ನಗರ ಪ್ರದೇಶದಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 15 ಸಬ್ಸಿಡಿ. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಹಿಳೆಯರು, ಮಾಜಿ ಸೈನಿಕರು, ಅಂಗವಿಕಲರಿಗೆ ಶೇ. 25. ಗ್ರಾಮೀಣ ಪ್ರದೇಶದಲ್ಲಿ ಇದು ಶೇ. 25 ಮತ್ತು ಶೇ. 35. ಬೆಂಗಳೂರು ಪೂರ್ವ ತಾಲ್ಲೂಕಿನವರು ಇಲ್ಲಿ ಗಮನಿಸಬೇಕು. ಕೆ.ಆರ್. ಪುರ ಪೇಟೆ ನಗರಕ್ಕೆ ಸೇರತ್ತೆ, ಆದರೆ ಬಿದರಹಳ್ಳಿ ಹೋಬಳಿಯ ಮಂಡೂರಿನಂಥ ಗ್ರಾಮ ಪಂಚಾಯಿತಿ ಊರಿನಲ್ಲಿ ಘಟಕ ಇದ್ದರೆ ಗ್ರಾಮೀಣ ದರ ಕೇಳಬಹುದು.

ಲೆಕ್ಕ ಹೀಗೆ. ಶಿವಾಜಿನಗರದಲ್ಲಿ ಒಬ್ಬ ಮಹಿಳೆ 8 ಲಕ್ಷ ರೂ. ವೆಚ್ಚದಲ್ಲಿ ಸಣ್ಣ ಹೋಟೆಲ್ ಹಾಕ್ತಾರೆ ಅಂದ್ಕೊಳ್ಳಿ. ಅವರ ಕೈಯಿಂದ ಶೇ. 5, ಅಂದ್ರೆ 40,000 ರೂ. ಉಳಿದ 7,60,000 ರೂ. ಬ್ಯಾಂಕ್ ಕೊಡತ್ತೆ. ಸಬ್ಸಿಡಿ 2,00,000 ರೂ. ಅದೇ ಹೋಟೆಲ್ ಮಂಡೂರಿನಲ್ಲಾದರೆ ಸಬ್ಸಿಡಿ 2,80,000 ರೂ. ಸಾಮಾನ್ಯ ವರ್ಗದ ಪುರುಷರಾದರೆ ಕೈಯಿಂದ ಶೇ. 10 ಹಾಕಬೇಕು.

ಈ ಸಬ್ಸಿಡಿ ಹಣ ನಿಮ್ಮ ಕೈಗೆ ಬರಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರತ್ತೆ. ಆಮೇಲೆ ಅಂಗಡಿ ನಡೀತಾ ಇದೆಯಾ ಅಂತ ನೋಡಿ ಸಾಲಕ್ಕೆ ಜಮಾ ಮಾಡ್ತಾರೆ. ಆ ಮೊತ್ತಕ್ಕೆ ಬಡ್ಡಿ ಹಾಕಲ್ಲ. ಆದರೆ ಮಧ್ಯೆ ಅಂಗಡಿ ಮುಚ್ಚಿದ್ರೆ ಸಬ್ಸಿಡಿ ಕೈತಪ್ಪಬಹುದು.

ಮುಖ್ಯ ಷರತ್ತುಗಳು:

- ಹೊಸ ಘಟಕಕ್ಕೆ ಮಾತ್ರ. ಈಗಾಗಲೇ ನಡೀತಿರುವ ಅಂಗಡಿಗೆ ಸಿಗಲ್ಲ.
- ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ.
- ಸೇವಾ ವಲಯದಲ್ಲಿ 5 ಲಕ್ಷ ರೂ. ಮೇಲಿನ ಯೋಜನೆಗೆ 8ನೇ ತರಗತಿ ಪಾಸಾಗಿರಬೇಕು.
- ಜಾಗ ಕೊಳ್ಳುವ ಖರ್ಚು ಸೇರಿಸುವಂತಿಲ್ಲ.
- ಮದ್ಯ ಮಾರುವ ಹೋಟೆಲ್‌ಗೆ ಇಲ್ಲ. ಮಾಂಸಾಹಾರಿ ಹೋಟೆಲ್‌ಗೆ ಈಗ ಅವಕಾಶ ಇದೆ.
- 10 ಲಕ್ಷ ರೂ.ವರೆಗಿನ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವಂತಿಲ್ಲ.

ಇರುವ ಅಂಗಡಿ ದೊಡ್ಡದು ಮಾಡೋಕೆ

ಮೊದಲು ಪಿಎಂಇಜಿಪಿ ಅಥವಾ ಮುದ್ರಾ ಸಾಲ ತಗೊಂಡು, ಕಂತು ಸರಿಯಾಗಿ ಕಟ್ಟಿ, ಮೂರು ವರ್ಷ ಲಾಭದಲ್ಲಿ ನಡೆಸಿದವರಿಗೆ ಎರಡನೇ ಸಾಲ ಇದೆ. ಸೇವಾ ವಲಯಕ್ಕೆ 25 ಲಕ್ಷ ರೂ.ವರೆಗಿನ ವಿಸ್ತರಣೆಗೆ ಶೇ. 15 ಸಬ್ಸಿಡಿ. ಕಂತು ತಪ್ಪಿಸಿದವರಿಗೆ ಈ ಬಾಗಿಲು ಮುಚ್ಚಿದ ಹಾಗೇ.

ಮುದ್ರಾ ಸಾಲ ಬೇರೆ. ಅದಕ್ಕೆ ಸಬ್ಸಿಡಿ ಇಲ್ಲ, ಪೂರ್ತಿ ತೀರಿಸಬೇಕು. ಶಿಶು 50,000 ರೂ.ವರೆಗೆ, ಕಿಶೋರ್ 5 ಲಕ್ಷ ರೂ.ವರೆಗೆ, ತರುಣ್ 10 ಲಕ್ಷ ರೂ.ವರೆಗೆ. ತರುಣ್ ಸಾಲ ತೀರಿಸಿದವರಿಗೆ 20 ಲಕ್ಷ ರೂ.ವರೆಗೆ ಕೊಡಬಹುದು. ಹೋಂಸ್ಟೇಗಳಿಗೂ ಮುದ್ರಾ ಸಾಲ ಕೊಡೋದಾಗಿ 2025-26ರ ಕೇಂದ್ರ ಬಜೆಟ್‌ನಲ್ಲಿ ಹೇಳಲಾಗಿದೆ. ಮನೆಯಲ್ಲೇ ರೂಮು ಕೊಡುವವರಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಗೋಲ್ಡ್, ಸಿಲ್ವರ್ ದರ್ಜೆ ಇದೆ. ಅದಕ್ಕೆ ಮಾಲೀಕರು ಅದೇ ಮನೆಯಲ್ಲಿ ವಾಸ ಇರಬೇಕು, ರೂಮು 1ರಿಂದ 6.

ಬೇಕರಿ, ಮಸಾಲೆ, ಸಿಹಿತಿಂಡಿ ತಯಾರಿಸುವವರಿಗೆ

ಕಿರು ಆಹಾರ ಸಂಸ್ಕರಣೆಗೆ ಪಿಎಂಎಫ್‌ಎಂಇ ಯೋಜನೆ ಇದೆ. ಕೇಂದ್ರದ ಶೇ. 35ರ ಸಬ್ಸಿಡಿಗೆ ನಮ್ಮ ರಾಜ್ಯ ಶೇ. 15 ಸೇರಿಸತ್ತೆ. ಒಟ್ಟು ಶೇ. 50, ಗರಿಷ್ಠ 15 ಲಕ್ಷ ರೂ. ರಾಜ್ಯದಲ್ಲಿ ಇದನ್ನ ಕಪೆಕ್ ಸಂಸ್ಥೆ ನೋಡ್ಕೊಳ್ಳತ್ತೆ. ಹಳೆ ಬೇಕರಿಗೆ ಹೊಸ ಓವನ್, ಪ್ಯಾಕಿಂಗ್ ಮಷಿನ್ ಹಾಕೋರಿಗೆ ಇದು ಅನುಕೂಲ.

ಬೀದಿ ಬದಿ ವ್ಯಾಪಾರಿಗಳಿಗೆ

ಪಿಎಂ ಸ್ವನಿಧಿಯಲ್ಲಿ ಮೊದಲ ಸಾಲ 15,000, ಎರಡನೇದು 25,000, ಮೂರನೇದು 50,000 ರೂ. ಒಂದು ತೀರಿಸಿದ ಮೇಲೆ ಇನ್ನೊಂದು. ಸರಿಯಾಗಿ ಕಟ್ಟಿದವರಿಗೆ ಶೇ. 7 ಬಡ್ಡಿ ಸಹಾಯಧನ ಖಾತೆಗೆ ಬರತ್ತೆ. ಯೋಜನೆ 2030ರ ಮಾರ್ಚ್ 31ರವರೆಗೆ ಇದೆ. ಪಾಲಿಕೆಯ ವ್ಯಾಪಾರಿ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಬೇಕು. ಶಿವಾಜಿನಗರ, ಹಲಸೂರು, ಇಂದಿರಾನಗರದವರಿಗೆ ಈಗ ಬೆಂಗಳೂರು ಕೇಂದ್ರ ನಗರ ಪಾಲಿಕೆ, ಕೆ.ಆರ್. ಪುರದವರಿಗೆ ಬೆಂಗಳೂರು ಪೂರ್ವ ನಗರ ಪಾಲಿಕೆ. ಟ್ರೇಡ್ ಲೈಸೆನ್ಸ್‌ಗೂ ಇವೇ.

ಟ್ಯಾಕ್ಸಿ, ಆಟೋ ಕೊಳ್ಳುವವರಿಗೆ, ಮಹಿಳೆಯರಿಗೆ

ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಎಸ್‌ಸಿ, ಎಸ್‌ಟಿ ಚಾಲಕರಿಗೆ ವಾಹನ ಬೆಲೆಯ ಶೇ. 75, ಗರಿಷ್ಠ 4 ಲಕ್ಷ ರೂ.; ಅಲ್ಪಸಂಖ್ಯಾತ, ಹಿಂದುಳಿದ ವರ್ಗದವರಿಗೆ ಶೇ. 50, ಗರಿಷ್ಠ 3 ಲಕ್ಷ ರೂ. ಆಯಾ ಅಭಿವೃದ್ಧಿ ನಿಗಮಗಳು ಅರ್ಜಿ ಕರೆದಾಗ ಮಾತ್ರ ಹಾಕೋಕೆ ಆಗೋದು. ಡ್ರೈವಿಂಗ್ ಲೈಸೆನ್ಸ್ ಕಡ್ಡಾಯ.

ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿಯಲ್ಲಿ 3 ಲಕ್ಷ ರೂ.ವರೆಗಿನ ಸಾಲಕ್ಕೆ ಎಸ್‌ಸಿ, ಎಸ್‌ಟಿ ಮಹಿಳೆಯರಿಗೆ ಶೇ. 50, ಉಳಿದವರಿಗೆ ಶೇ. 30 (ಗರಿಷ್ಠ 90,000 ರೂ.) ಸಬ್ಸಿಡಿ. ಆದಾಯ ಮಿತಿ ಇದೆ. ನಿಗಮದ ಅರ್ಜಿಗಳನ್ನ ಸೇವಾ ಸಿಂಧು ಅಥವಾ ಬೆಂಗಳೂರು ಒನ್‌ನಲ್ಲಿ ಹಾಕಬಹುದು.

ಕಾಗದ ಪತ್ರ ಹೀಗೆ ಜೋಡಿಸಿಕೊಳ್ಳಿ

1. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್. ಮೂರರಲ್ಲೂ ಹೆಸರು ಒಂದೇ ಥರ ಇರಲಿ.
2. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ.
3. ನಡೀತಿರುವ ಅಂಗಡಿಗೆ ಉದ್ಯಮ್ ನೋಂದಣಿ. ಇದು ಪೂರ್ತಿ ಉಚಿತ.
4. ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್. ಊಟ-ತಿಂಡಿಯಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ.
5. ಮಷಿನ್, ಫರ್ನಿಚರ್‌ಗೆ ಕೊಟೇಶನ್. ಬಿಲ್ ಅಲ್ಲ, ಕೊಟೇಶನ್.
6. ಎರಡು-ಮೂರು ಪುಟದ ಯೋಜನಾ ವರದಿ. ದಿನಕ್ಕೆ ಎಷ್ಟು ವ್ಯಾಪಾರ, ತಿಂಗಳ ಖರ್ಚು, ಕಂತು ಹೇಗೆ ಕಟ್ತೀರಿ ಅನ್ನೋದು ಅದರಲ್ಲಿ ಇರಬೇಕು. ಬ್ಯಾಂಕ್ ಮ್ಯಾನೇಜರ್ ಕೇಳೋದೂ ಇದನ್ನೇ.

ಪಿಎಂಇಜಿಪಿ, ಪಿಎಂಎಫ್‌ಎಂಇ ಎರಡೂ 2025-26ರವರೆಗೆ ಅಂತ ಮಂಜೂರಾಗಿದ್ದ ಯೋಜನೆಗಳು. ಹಾಗಾಗಿ ಓಡಾಡುವ ಮೊದಲು ಪೋರ್ಟಲ್‌ನಲ್ಲಿ ಅರ್ಜಿ ತಗೋತಿದ್ದಾರಾ ಅಂತ ನೋಡಿ.

ಪಿಎಂಇಜಿಪಿ ಅರ್ಜಿಗೆ ಶುಲ್ಕ ಇಲ್ಲ, ಸರ್ಕಾರ ಯಾವ ಏಜೆಂಟರನ್ನೂ ನೇಮಿಸಿಲ್ಲ. "ಸಬ್ಸಿಡಿ ಕೊಡಿಸ್ತೀನಿ, ಮೊದಲು ಕಮಿಷನ್ ಕೊಡಿ" ಅಂದ್ರೆ ಕೊಡಬೇಡಿ. ಸಬ್ಸಿಡಿ ಬರತ್ತಲ್ಲ ಅಂತ ಮೀಟರ್ ಬಡ್ಡಿಗೆ ಸಾಲ ತಂದು ಅಂಗಡಿ ಅಡ್ವಾನ್ಸ್ ಕಟ್ಟಲೂ ಬೇಡಿ. ಮೂರು ವರ್ಷ ಬ್ಯಾಂಕಿನಲ್ಲೇ ಇರುವ ಹಣ ಆ ಬಡ್ಡಿ ತೀರಿಸೋಕೆ ಬರಲ್ಲ. ಮಂಜೂರಾತಿ ಪತ್ರ ಕೈಗೆ ಬಂದ ಮೇಲೇ ಅಂಗಡಿಗೆ ಖರ್ಚು ಮಾಡಿ.